ಇಂಗ್ಲೆಂಡಿನಲ್ಲಿ ಎಡಿಎಚ್‌ಡಿ ಪರೀಕ್ಷೆ: ದುಡ್ಡು ಕಟ್ಟುವ ಮೊದಲು ಜಿಪಿಯನ್ನು ಕೇಳಿ

ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ, ಅದನ್ನು ಇಲ್ಲಿ ಉದ್ದಕ್ಕೆ ವಿವರಿಸುವುದಿಲ್ಲ. ಇದನ್ನು ಓದುತ್ತಿರುವವರಿಗೆ ಅದು ಗೊತ್ತೇ ಇರುತ್ತೆ. ಮೊದಲು ಜಿಪಿ, ಅಂದರೆ ಇಲ್ಲಿನ ಫ್ಯಾಮಿಲಿ ಡಾಕ್ಟರ್, ಹತ್ತಿರ ಹೋಗಬೇಕು ಅನ್ನುವುದೂ ಗೊತ್ತು. ನಮ್ಮವರು ಎಡವುವುದು ಅದರ ಮುಂದಕ್ಕೆ.

ಹಾಸನದಲ್ಲಾದರೆ ಬೆಳಗ್ಗೆ ಆಸ್ಪತ್ರೆಯಲ್ಲಿ ಚೀಟಿ ಮಾಡಿಸಿ ನೇರವಾಗಿ ಮಾನಸಿಕ ತಜ್ಞರನ್ನು ನೋಡಬಹುದು. ಯಾರ ಪತ್ರವೂ ಬೇಡ. ಇಲ್ಲಿ ಜಿಪಿ ಪತ್ರ ಬರೆಯದೆ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ತಜ್ಞರು ಸಿಗುವುದಿಲ್ಲ. ಜಿಪಿ ತಾವೇ ಎಡಿಎಚ್‌ಡಿ ಇದೆ ಅಂತ ತೀರ್ಮಾನಿಸುವುದೂ ಇಲ್ಲ, ಮಾತ್ರೆ ಶುರು ಮಾಡುವುದೂ ಇಲ್ಲ. ಅವರ ಹತ್ತಿರ ಸಿಗುವುದು ಹತ್ತು ನಿಮಿಷ. ಎಎಸ್‌ಆರ್‌ಎಸ್ ಅನ್ನುವ 18 ಪ್ರಶ್ನೆಗಳ ಫಾರಂ ಅನ್ನು ಮನೆಯಲ್ಲೇ ತುಂಬಿಕೊಂಡು ಹೋಗಿ. "ಸ್ವಲ್ಪ ಮರೆವು ಜಾಸ್ತಿ" ಅನ್ನಬೇಡಿ. "ಕೌನ್ಸಿಲ್ ಟ್ಯಾಕ್ಸ್ ಕಟ್ಟೋದು ಮರೆತು ನೋಟಿಸ್ ಬಂತು, ಆಫೀಸಿನಲ್ಲಿ ವಾರ್ನಿಂಗ್ ಆಯ್ತು" ಅಂತ ಆಗಿದ್ದನ್ನು ಆಗಿದ್ದ ಹಾಗೆ ಹೇಳಿ. ನಮಗೆ ಡಾಕ್ಟರ ಮುಂದೆ "ಪರ್ವಾಗಿಲ್ಲ, ಹೇಗೋ ನಡೀತಿದೆ" ಅನ್ನುವ ಚಾಳಿ. ಇಲ್ಲಿ ಅದನ್ನೂ ಹಾಗೇ ಬರೆದುಕೊಳ್ಳುತ್ತಾರೆ.

ಈಗ ದುಡ್ಡಿನ ವಿಷಯ. ನಮ್ಮ ಅರಸೀಕೆರೆ ಕಡೆಯ ಹುಡುಗನೊಬ್ಬ ಎನ್‌ಎಚ್‌ಎಸ್ ಕ್ಯೂ ಉದ್ದ ಅಂತ ಬೇಸತ್ತು ಖಾಸಗಿ ಕ್ಲಿನಿಕ್ಕಿಗೆ ಹೋದ. ಸಾವಿರ ಪೌಂಡ್ ಹತ್ತಿರ ಕಟ್ಟಿದ. ಎಡಿಎಚ್‌ಡಿ ಇದೆ ಅಂತ ವರದಿ ಬಂತು, ಡೋಸ್ ಸ್ವಲ್ಪಸ್ವಲ್ಪವೇ ಏರಿಸಿ ಮಾತ್ರೆಯೂ ಹೊಂದಿತು. ಇನ್ನು ಜಿಪಿಯೇ ಮಾತ್ರೆ ಬರೆದುಕೊಡುತ್ತಾರೆ ಅಂದುಕೊಂಡು ವರದಿ ಹಿಡಿದು ಹೋದ. ಅವರು ಆಗಲ್ಲ ಅಂದರು.

ಅವನು ಕೇಳಿದ ಏರ್ಪಾಡಿಗೆ ಶೇರ್ಡ್ ಕೇರ್ ಅನ್ನುತ್ತಾರೆ. ಡೋಸ್ ಸ್ಥಿರವಾದ ಮೇಲೆ ತಜ್ಞರು ಆಗಾಗ ನೋಡುತ್ತಾರೆ, ತಿಂಗಳ ಔಷಧದ ಚೀಟಿ ಜಿಪಿ ಬರೆಯುತ್ತಾರೆ. ಆದರೆ ಒಪ್ಪಲೇಬೇಕು ಅಂತ ಜಿಪಿಗೆ ಕಟ್ಟುಪಾಡಿಲ್ಲ. ಖಾಸಗಿ ವರದಿ ಅಂದರೆ ಎಷ್ಟೋ ಸರ್ಜರಿಗಳು (ಜಿಪಿ ಕ್ಲಿನಿಕ್ಕಿಗೆ ಇಲ್ಲಿ ಹೀಗನ್ನುತ್ತಾರೆ) ಬೇಡ ಅಂದುಬಿಡುತ್ತವೆ. ಕೇಳಿದರೆ ನಿಯಮ ಅನ್ನುತ್ತಾರೆ, ವಾದ ಮಾಡಿ ಉಪಯೋಗವಿಲ್ಲ. ಆಗ ತಿಂಗಳು ತಿಂಗಳೂ ಚೀಟಿಗೊಂದು ಫೀಸ್, ಮಾತ್ರೆಗೆ ಪೂರ್ತಿ ಬೆಲೆ. ಎನ್‌ಎಚ್‌ಎಸ್ ಚೀಟಿಯಾದರೆ ಇಂಗ್ಲೆಂಡಿನಲ್ಲಿ 2025ರ ಲೆಕ್ಕಕ್ಕೆ ಒಂದು ಔಷಧಕ್ಕೆ 9.90 ಪೌಂಡ್ ಅಷ್ಟೆ. ಎಡಿಎಚ್‌ಡಿಗೆ ಕೊಡುವ ಮೀಥೈಲ್‌ಫೆನಿಡೇಟ್, ಲಿಸ್‌ಡೆಕ್ಸಾಂಫೆಟಮಿನ್ ಎರಡೂ ಕಾನೂನಿನ ಹತೋಟಿಯಲ್ಲಿರುವ ಮಾತ್ರೆಗಳು. ಒಂದೇ ಸಲ ಆರು ತಿಂಗಳಿಗೆ ಬರೆಸಿಕೊಳ್ಳೋಣ ಅಂದರೆ ಆಗುವುದಿಲ್ಲ, ಸಾಮಾನ್ಯವಾಗಿ 30 ದಿನಕ್ಕೆ ಮಾತ್ರ. ಹುಡುಗ ಕೊನೆಗೆ ಎನ್‌ಎಚ್‌ಎಸ್ ಕ್ಯೂನಲ್ಲೇ ಹಿಂದಿನಿಂದ ನಿಂತ. ಅವನಾದ ಮೇಲೂ ಇದೇ ಹಳ್ಳಕ್ಕೆ ಬಿದ್ದವರನ್ನು ನೋಡಿದ್ದೇನೆ. ಎಲ್ಲರೂ ಮೊದಲು ದುಡ್ಡು ಕಟ್ಟಿ ಆಮೇಲೆ ಕೇಳಿದವರೇ.

ಆದ್ದರಿಂದ ಖಾಸಗಿಗೆ ಹೋಗುವ ಮುಂಚೆ ಸರ್ಜರಿಗೆ ಇಮೇಲ್ ಹಾಕಿ: "ಈ ಕ್ಲಿನಿಕ್ ಜೊತೆ ಶೇರ್ಡ್ ಕೇರ್ ಒಪ್ಪುತ್ತೀರಾ?" ಉತ್ತರ ಬರಹದಲ್ಲೇ ಬೇಕು. ರಿಸೆಪ್ಷನ್‌ನಲ್ಲಿ ಯಾರೋ "ಆಗಬಹುದು" ಅಂದಿದ್ದನ್ನು ನಂಬಬೇಡಿ.

ಖಾಸಗಿಗಿಂತ ಮೊದಲು ಕೇಳಬೇಕಾದ್ದು ರೈಟ್ ಟು ಚೂಸ್. ಎನ್‌ಎಚ್‌ಎಸ್ ಜೊತೆ ಒಪ್ಪಂದ ಇರುವ ಬೇರೆ ಸಂಸ್ಥೆಯನ್ನು ನೀವೇ ಆರಿಸಿ, ಅಲ್ಲಿಗೇ ಪತ್ರ ಬರೆಯಿರಿ ಅಂತ ಜಿಪಿಗೆ ಹೇಳಬಹುದು. ಪರೀಕ್ಷೆಗೆ ನೀವು ದುಡ್ಡು ಕಟ್ಟಬೇಕಿಲ್ಲ. ಇದು ಇಂಗ್ಲೆಂಡಿಗೆ ಮಾತ್ರ. ಸ್ಕಾಟ್ಲೆಂಡ್, ವೇಲ್ಸ್‌ನಲ್ಲಿ ಇಲ್ಲ. ಜಿಪಿ ತಾವಾಗಿ ಹೇಳಲಿ ಅಂತ ಕಾಯಬೇಡಿ. ಆರಿಸುವಾಗ ಆ ಸಂಸ್ಥೆ ಮಾತ್ರೆಯನ್ನೂ ಕೊಡುತ್ತಾ, ಅದಕ್ಕೆ ಬೇರೆ ಕ್ಯೂ ಇದೆಯಾ ವಿಚಾರಿಸಿ. ಪರೀಕ್ಷೆ ಮಾಡಿ ಕೈತೊಳೆದುಕೊಳ್ಳುವವರೂ ಇದ್ದಾರೆ. ವೀಸಾಕ್ಕೆ ಅಂತ 2024ರಿಂದ ವರ್ಷಕ್ಕೆ 1,035 ಪೌಂಡ್ ಆರೋಗ್ಯ ಶುಲ್ಕ ಕಟ್ಟಿದ್ದೀರಲ್ಲ, ಕೇಳೋಕೆ ಸಂಕೋಚ ಯಾಕೆ?

ಪರೀಕ್ಷೆಯ ದಿನ ರಕ್ತ, ಸ್ಕ್ಯಾನ್ ಏನೂ ಇಲ್ಲ. ಬರೀ ಮಾತು. 12 ವರ್ಷಕ್ಕೆ ಮೊದಲೇ ಲಕ್ಷಣ ಇತ್ತಾ ಅನ್ನುವುದು ಮುಖ್ಯ, ಅದಕ್ಕೆ ನಿಮ್ಮನ್ನು ಚಿಕ್ಕಂದಿನಲ್ಲಿ ಕಂಡವರ ಮಾತು ಬೇಕು. ಶಾಲೆಯ ವರದಿಯನ್ನೂ ಕೇಳುತ್ತಾರೆ. ನಮ್ಮ ಮಾರ್ಕ್ಸ್ ಕಾರ್ಡಿನಲ್ಲಿ ಅಂಕ ಬಿಟ್ಟರೆ ಇನ್ನೇನಿರುತ್ತೆ? ಹಾಗಾಗಿ ಭಾರವೆಲ್ಲ ಅಮ್ಮನ ಮೇಲೆ. ಬೇಲೂರಿನಲ್ಲಿರುವ ಒಬ್ಬ ಅಮ್ಮನಿಗೆ ಮಗ ಫೋನಿನಲ್ಲಿ ಕೇಳಿದ, "ನಾನು ವಸ್ತು ಜಾಸ್ತಿ ಕಳೀತಿದ್ನಾ?" "ಛೇ, ನೀನು ಚಿನ್ನದಂಥ ಹುಡುಗ ಕಣೋ." ಸೊಸೆ ಫೋನ್ ತಗೊಂಡು ಕೇಳಿದಳು, "ಅತ್ತೆ, ಇವರಿಗೆ ಜಾಮಿಟ್ರಿ ಬಾಕ್ಸ್ ಎಷ್ಟು ತಂದ್ರಿ?" "ಅಯ್ಯೋ, ಅದನ್ನ ಕೇಳಬೇಡ ಕಣಮ್ಮಾ, ಛತ್ರಿನೂ ಅಷ್ಟೇ, ಮಳೆಗಾಲ ಮುಗಿಯೋದ್ರೊಳಗೆ ಮೂರು!" ಕೇಳುವ ರೀತಿ ಹೀಗೆ. ಅಮ್ಮನಿಗೆ ಇಂಗ್ಲಿಷ್ ಬರದಿದ್ದರೆ ದುಭಾಷಿ ಬೇಕು ಅಂತ ಮೊದಲೇ ತಿಳಿಸಿ.

ಯಾವ ಪದ್ಧತಿ ಒಳ್ಳೆಯದು ಅಂತ ಕೇಳಿದರೆ, ಬೇಗ ಡಾಕ್ಟರ ಮುಖ ನೋಡಬೇಕು ಅಂದರೆ ನಮ್ಮದೇ ವಾಸಿ. ಕೂರಿಸಿಕೊಂಡು ಬಾಲ್ಯದಿಂದ ಕೆದಕಿ ಕೇಳುವುದರಲ್ಲಿ ಇವರದು. ಊರಿಗೆ ಹೋದಾಗ ಬೆಂಗಳೂರಿನಲ್ಲಿ ತೋರಿಸಿ ವರದಿ ತರೋಣ ಅಂತ ಕೆಲವರು ಲೆಕ್ಕ ಹಾಕುತ್ತಾರೆ. ತನ್ನಿ, ಬೇಡ ಅನ್ನಲ್ಲ. ಆದರೆ ಅದನ್ನು ನೋಡಿಯೇ ಇಲ್ಲಿ ಮಾತ್ರೆ ಕೊಡುತ್ತಾರೆ ಅಂದುಕೊಳ್ಳಬೇಡಿ, ಸಾಮಾನ್ಯವಾಗಿ ಇಲ್ಲಿನ ತಜ್ಞರು ಮತ್ತೆ ನೋಡಬೇಕಾಗುತ್ತೆ.

ಮಾತ್ರೆ ಶುರುವಾದ ಮೇಲೆ ದೀಪಾವಳಿ ಹೊತ್ತಿಗೆ ಹಾಸನಾಂಬ ದರ್ಶನಕ್ಕೆ ಅಂತ ಹೊರಟರೆ, ಮಾತ್ರೆಯನ್ನು ಡಬ್ಬಿಗೆ ಸುರಿದುಕೊಂಡು ಹೋಗಬೇಡಿ. ಮೀಥೈಲ್‌ಫೆನಿಡೇಟ್ ನಮ್ಮಲ್ಲೂ ಮಾದಕ ವಸ್ತು ಕಾಯ್ದೆಯ ಪಟ್ಟಿಯಲ್ಲಿದೆ. ಫಾರ್ಮಸಿಯ ಪೆಟ್ಟಿಗೆ, ಚೀಟಿಯ ನಕಲು, ಡಾಕ್ಟರ ಪತ್ರ ಮೂರೂ ಕೈಚೀಲದಲ್ಲಿರಲಿ. ಪತ್ರವನ್ನು ಹೊರಡುವ ಹಿಂದಿನ ದಿನ ಕೇಳಿದರೆ ಸಿಗಲ್ಲ, ತಿಂಗಳ ಮುಂಚೆಯೇ ಹೇಳಿಡಿ.