ದಿಂಬು ಬೇಡ, ಇಟ್ಟಿಗೆ ಇಡಿ
ರಾತ್ರಿ ಹುಳಿತೇಗು, ಬೆಳಗ್ಗೆ ಗಂಟಲಲ್ಲಿ ಉಂಡೆ ಕೂತ ಹಾಗೆ ಅನಿಸುವವರು ಮಂಚದ ತಲೆಕಡೆಯ ಎರಡು ಕಾಲಿನ ಕೆಳಗೆ 6 ಇಂಚು ಎತ್ತರಕ್ಕೆ ಇಟ್ಟಿಗೆ ಇಡಿ. ಹಾಸಿಗೆ ಪೂರ್ತಿ ಇಳಿಜಾರಾದರೆ ಹೊಟ್ಟೆಯ ಆಸಿಡ್ ಸುಲಭವಾಗಿ ಮೇಲಕ್ಕೆ ಬರುವುದಿಲ್ಲ. ದಿಂಬಿನ ಮೇಲೆ ದಿಂಬು ಹಾಕಿದರೆ ಕುತ್ತಿಗೆ ಬಾಗಿ, ಹೊಟ್ಟೆ ಮಡಚಿಕೊಂಡು ಒತ್ತಡ ಜಾಸ್ತಿಯೇ ಆಗುತ್ತದೆ. ಎಡಮಗ್ಗುಲಾಗಿ ಮಲಗಿದರೆ ಇನ್ನೂ ಒಳ್ಳೆಯದು. ಹತ್ತೂವರೆಗೆ ಬಿಸಿಬೇಳೆಬಾತ್ ತಿಂದು ಹನ್ನೊಂದಕ್ಕೆ ಮಲಗಿದರೆ ಇಟ್ಟಿಗೆ ತಾನೇ ಏನು ಮಾಡೀತು? ಊಟಕ್ಕೂ ನಿದ್ದೆಗೂ 3 ಗಂಟೆ ಬಿಡಿ. ಉಂಡೆ ಇದೆಯಾ ಅಂತ ನೋಡಲು ಸುಮ್ನೆ ಉಗುಳು ನುಂಗುತ್ತಾ ಕೂರಬೇಡಿ, ಅದರಿಂದ ಇನ್ನೂ ಹೆಚ್ಚಾಗುತ್ತದೆ; ಒಂದು ಗುಟುಕು ನೀರು ಕುಡಿಯಿರಿ. ತಿಂದ ಅನ್ನವೇ ಸಿಕ್ಕಿಕೊಳ್ಳುತ್ತಿದ್ದರೆ, ತೂಕ ಇಳಿಯುತ್ತಿದ್ದರೆ ಮಾತ್ರ ಇದನ್ನೆಲ್ಲ ನಂಬಿಕೊಂಡು ಕೂರದೆ ಡಾಕ್ಟರ ಹತ್ತಿರ ಹೋಗಿ. ಎಂಡೋಸ್ಕೋಪಿ (ಬಾಯಿಯ ಮೂಲಕ ಕ್ಯಾಮೆರಾ ಇರುವ ಕೊಳವೆ ಇಳಿಸಿ ಒಳಗೆ ನೋಡುವ ಪರೀಕ್ಷೆ) ಬೇಕಾಗಬಹುದು.