ಕೈ ಹಿಂದೆ ಕಟ್ಟಿಕೊಂಡು ನಿಂತೆ

ಮಕ್ಕಳ ವಾರ್ಡಿನಲ್ಲಿ ಕಿರಿಯ ಡಾಕ್ಟರುಗಳಿಗೆ ತರಬೇತಿ ಕೊಡುವ ಕೆಲಸ ಬಂದಾಗ ನಾನು ಮೊದಲು ಮಾಡಿದ್ದು ಸ್ಲೈಡ್‌ಗಳನ್ನು. ನ್ಯುಮೋನಿಯಾಕ್ಕೆ ಇದು, ಫಿಟ್ಸ್‌ಗೆ ಇದು, ವಾಂತಿ ಭೇದಿಗೆ ಇದು. ಮೂರು ತಿಂಗಳಲ್ಲಿ ಎಲ್ಲರಿಗೂ ಎಲ್ಲವೂ ಬಾಯಿಪಾಠ. ಆದರೆ ರಾತ್ರಿ ಎರಡು ಗಂಟೆಗೆ ಸಿಸ್ಟರ್ ಕರೆದರೆ ಮಾತ್ರ ಸೀದಾ ನನಗೇ ಫೋನ್.

ತಪ್ಪು ಅವರದ್ದಲ್ಲ. ಓಪಿಡಿಯಲ್ಲಿ ಮಗುವನ್ನು ಒಮ್ಮೆ ನೋಡಿ ಕಳಿಸುತ್ತೇವೆ. ಅಡ್ಮಿಟ್ ಆದ ಮಗು ಹಾಗಲ್ಲ. ಬೆಳಿಗ್ಗೆ ನೋಡಿದ ಮಗು ಸಂಜೆಗೆ ಬೇರೆಯೇ ಆಗಿರುತ್ತದೆ. ಅಡ್ಮಿಟ್ ಆದ ಮಕ್ಕಳನ್ನು ನೋಡುವುದೇ ಒಂದು ಬೇರೆ ಕಸುಬು ಅಂತ ಅಮೆರಿಕದಲ್ಲಿ 2016ರಲ್ಲಿ ಅಧಿಕೃತವಾಗಿ ಒಪ್ಪಿಕೊಂಡರು. ಮೊದಲ ಪರೀಕ್ಷೆ ನಡೆದದ್ದು 2019ರಲ್ಲಿ. ಪೀಡಿಯಾಟ್ರಿಕ್ಸ್, ಅಂದರೆ ಮಕ್ಕಳ ವೈದ್ಯಕೀಯ ಓದು, ಮುಗಿಸಿದ ಮೇಲೆ ಅಲ್ಲಿ ಇದಕ್ಕೆ ಎರಡು ವರ್ಷದ ಹೆಚ್ಚಿನ ತರಬೇತಿ (ಫೆಲೋಶಿಪ್) ಇದೆ. ಎರಡು ವರ್ಷ ಜಾಸ್ತಿಯಾಯ್ತು ಅನ್ನುವವರೂ ಇದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಸ್ಲೈಡ್‌ಗಳನ್ನು ಬದಿಗಿಟ್ಟದ್ದು ಒಂದು ನಾಲ್ಕು ತಿಂಗಳ ಮಗುವಿನಿಂದ. ಬ್ರಾಂಕಿಯೋಲೈಟಿಸ್, ಅಂದರೆ ಶ್ವಾಸಕೋಶದ ಸಣ್ಣ ನಾಳಗಳು ಊದಿಕೊಳ್ಳುವ ಕಾಯಿಲೆ. ಮೂಗು ಕಟ್ಟಿದೆ, ಪಕ್ಕೆ ಎಳೆಯುತ್ತಿದೆ, ತಾಯಿ ಗಾಬರಿ. ನನ್ನ ಕೈಕೆಳಗಿನ ಕಿರಿಯ ಡಾಕ್ಟರ್ ಹುಡುಗ ಸಾಲ್ಬುಟಮಾಲ್ ನೆಬ್ಯುಲೈಜರ್ (ಉಸಿರುನಾಳ ಸಡಿಲಿಸುವ ಔಷಧಿಯ ಹಬೆ) ಬರೆದಿದ್ದ. ಈ ಕಾಯಿಲೆಗೆ ಅದು ಕೊಡಬೇಡಿ ಅಂತ ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್ 2014ರಲ್ಲೇ ಹೇಳಿದೆ. ಅದು ಅವನಿಗೂ ಗೊತ್ತಿತ್ತು. "ಏನೂ ಕೊಡದೆ ಹೇಗೆ ಮೇಡಂ? ಅಮ್ಮ ನೋಡ್ತಾ ಇದ್ದಾರೆ," ಅಂದ.

ಮಂಚದ ಪಕ್ಕ ಒಂದು ಕುರ್ಚಿ ಹಾಕಿಸಿ ಅವನನ್ನು ಇಪ್ಪತ್ತು ನಿಮಿಷ ಕೂರಿಸಿದೆ. ಸ್ಟೆತಸ್ಕೋಪ್ ನನ್ನ ಕೈಯಲ್ಲಿ. ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸು ಅಂದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಬಾರದು, ಎಳೆಯ ಮಕ್ಕಳ ಉಸಿರು ನಡುನಡುವೆ ನಿಂತು ನಿಂತು ಬರುತ್ತದೆ. ಸಿಸ್ಟರ್ ಮೂಗು ಸ್ವಚ್ಛ ಮಾಡಿದರು. ಮಗು ಹಾಲು ಕುಡಿಯಿತು, ಕುಡಿಯುತ್ತಾ ಎರಡು ಸಲ ಬಿಟ್ಟಿತು, ಆಮೇಲೆ ನಿದ್ದೆ ಹೋಯಿತು. ಪಕ್ಕೆ ಎಳೆತ ಕಡಿಮೆಯಾದದ್ದನ್ನು ಅವನೇ ತಾಯಿಗೆ ತೋರಿಸಿದ. ಚೀಟಿಯಲ್ಲಿ ಬರೆದಿದ್ದ ನೆಬ್ಯುಲೈಜರ್ ಅನ್ನು ಅವನೇ ಗೀಟು ಹಾಕಿ ತೆಗೆದ. ಅವತ್ತಿನಿಂದ ಹೊಸಬರಿಗೆಲ್ಲ ಮೊದಲ ವಾರ ಕುರ್ಚಿ ಪಾಠ.

ಅವರಿಗಿಂತ ಕಷ್ಟವಾದದ್ದು ನನಗೆ. ಪ್ರಶ್ನೆ ಕೇಳುವುದು, ಅವರು ಬಾಯಿ ತೆರೆಯುವ ಮೊದಲೇ ನಾನೇ ಉತ್ತರ ಹೇಳುವುದು. ಇದೇ ನನ್ನ ಚಾಳಿ. ರೌಂಡ್ಸಿನಲ್ಲಿ ಕೈ ಹಿಂದೆ ಕಟ್ಟಿಕೊಂಡು ಮನಸ್ಸಿನಲ್ಲೇ ಹತ್ತರವರೆಗೆ ಎಣಿಸಲು ಶುರು ಮಾಡಿದೆ. ರಾತ್ರಿ ಫೋನ್ ಬಂದರೆ ಮೊದಲ ಮಾತು, "ನೀವು ಏನು ಮಾಡ್ಬೇಕು ಅಂದ್ಕೊಂಡಿದ್ದೀರಿ?"

ಇದು ಎಲ್ಲ ಹೊತ್ತಿಗೂ ಸರಿಯಲ್ಲ. ಒಂದು ರಾತ್ರಿ ಒಬ್ಬ ಕಿರಿಯ ಡಾಕ್ಟರ್ ಹುಡುಗಿ ಫೋನಿನಲ್ಲಿ, "ಜ್ವರ ಇದೆ ಮೇಡಂ, ಬಿಪಿ ನಾರ್ಮಲ್," ಅಂದಳು. ನಾನು ಪಾಠ ಮಾಡುತ್ತಾ ಕೂತೆ. ಎರಡು ನಿಮಿಷ ವ್ಯರ್ಥ. ಮಕ್ಕಳಲ್ಲಿ ಶಾಕ್ (ದೇಹದ ಅಂಗಗಳಿಗೆ ಸಾಕಷ್ಟು ರಕ್ತ ಹರಿಯದ ಸ್ಥಿತಿ) ಶುರುವಾದರೆ ಬಿಪಿ ಬೀಳುವುದು ಕೊನೆಗೆ. ಅದಕ್ಕೂ ಮೊದಲು ಎದೆಬಡಿತ ಏರುತ್ತದೆ, ಕೈಕಾಲು ತಣ್ಣಗಾಗುತ್ತದೆ, ಚರ್ಮ ಒತ್ತಿ ಬಿಟ್ಟರೆ ಬಣ್ಣ ಬೇಗ ಮರಳುವುದಿಲ್ಲ. "ಪಾದ ಮುಟ್ಟಿ ನೋಡಿದಿರಾ?" ಅಂತ ಕೇಳಿದ್ದು ತಡವಾಗಿ. ಪಾದ ಐಸ್‌ನಂತಿತ್ತು. ಓಡಿದೆ. ಮಗು ಉಳಿಯಿತು. ಈಗ ಮೊದಲ ಪ್ರಶ್ನೆ ಪಾದದ್ದೇ. ಪಾಠ ಬೆಳಿಗ್ಗೆ.

ಡೋಸ್ ವಿಷಯದಲ್ಲಿ ಮಾತ್ರ ನಾನು ಸುಮ್ನೆ ಇರುವುದಿಲ್ಲ. ಎಲ್ಲವೂ ತೂಕದ ಲೆಕ್ಕ, ಒಂದು ಚುಕ್ಕೆ ತಪ್ಪಿದರೆ ಹತ್ತು ಪಟ್ಟು. 0.5 ಅಂತ ಬರೆಯಬೇಕು, .5 ಅಲ್ಲ. 2 ಅಂತ ಬರೆಯಬೇಕು, 2.0 ಅಲ್ಲ. ಇಲ್ಲಿ ಚರ್ಚೆಯೇ ಇಲ್ಲ.

ಡ್ಯೂಟಿ ಬದಲಾಗುವಾಗ ಮಕ್ಕಳ ಹೊಣೆಯನ್ನು ಮುಂದಿನವರಿಗೆ ಒಪ್ಪಿಸುವ ಹ್ಯಾಂಡೋವರ್ ಬಗ್ಗೆ ನಾನು ಮೊದಲು ತಲೆ ಕೆಡಿಸಿಕೊಂಡಿರಲಿಲ್ಲ. "ಐದನೇ ಬೆಡ್ ಓಕೆ, ಆರು ಓಕೆ" ಅಂತ ನಡೆಯುತ್ತಿತ್ತು. ಆಮೇಲೆ ಐ-ಪಾಸ್ ಪದ್ಧತಿ ಹಿಡಿದೆವು. ಮಗು ಎಷ್ಟು ಸೀರಿಯಸ್, ಈವರೆಗೆ ಆದದ್ದೇನು, ಮಾಡಬೇಕಾದ್ದೇನು, ಕೆಟ್ಟರೆ ಏನು ಮಾಡಬೇಕು. ಕೊನೆಗೆ ಕೇಳಿಸಿಕೊಂಡವರು ತಮ್ಮ ಮಾತಿನಲ್ಲಿ ತಿರುಗಿ ಹೇಳಬೇಕು. ಒಂಬತ್ತು ಆಸ್ಪತ್ರೆಗಳಲ್ಲಿ ಇದನ್ನು ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವೈದ್ಯಕೀಯ ತಪ್ಪುಗಳು 23% ಇಳಿದಿದ್ದವು. ಹುಡುಗರು ಬಿಟ್ಟುಬಿಡುವುದು ಆ ಕೊನೆಯ ತಿರುಗಿ ಹೇಳುವ ಭಾಗವನ್ನೇ. "ಗೊತ್ತಾಯ್ತು ಬಿಡು" ಅಂತಾರೆ. ಗೊತ್ತಾಗಿರುವುದಿಲ್ಲ.

ಯಾರನ್ನು ಯಾವಾಗ ಒಂಟಿಯಾಗಿ ಬಿಡಬೇಕು ಅನ್ನೋದು ಇವತ್ತಿಗೂ ತಲೆನೋವೇ. ಮೊದಲೆಲ್ಲ "ಇವನು ರೆಡಿ, ಇವಳು ಇನ್ನೂ ಇಲ್ಲ" ಅಂತ ಆಳನ್ನು ನೋಡಿ ಹೇಳುತ್ತಿದ್ದೆ. ಈಗ ಕೆಲಸ ಕೆಲಸಕ್ಕೂ ಬೇರೆ ಬೇರೆ ಬರೆದಿಡುತ್ತೇನೆ: ನೋಡಿ ಕಲಿಯಲಿ, ನಾನಿದ್ದಾಗ ಮಾಡಲಿ, ಬೇಕಾದರೆ ಕರೆಯಲಿ, ಒಬ್ಬರೇ ಮಾಡಲಿ. ಆ ಕುರ್ಚಿಯ ಹುಡುಗ ಬೆನ್ನಿನ ನೀರು ತೆಗೆಯುವುದರಲ್ಲಿ ಆರು ತಿಂಗಳಿಗೇ ಒಂಟಿ. ಕೆಟ್ಟ ಸುದ್ದಿ ಹೇಳುವಾಗ ಮಾತ್ರ ಈಗಲೂ ನಾನು ಪಕ್ಕದಲ್ಲಿ ಕೂರುತ್ತೇನೆ. ಹೋದ ವಾರ ಅರ್ಧ ವಾಕ್ಯ ಹೇಳಿ ನನ್ನ ಕಡೆ ತಿರುಗಿದ. ನಾನು ಎಣಿಸುತ್ತಿದ್ದೆ. ಎಂಟಕ್ಕೆ ಬರುವಷ್ಟರಲ್ಲಿ ಉಳಿದರ್ಧ ಅವನೇ ಹೇಳಿದ.