ಕೃತಕ ಹೂಬಳ್ಳಿ ಸಹಜವಾಗಿ ಕಾಣುವಂತೆ ಕಟ್ಟುವ ಬಗೆ

ಅಂಗಡಿಯಿಂದ ತಂದ ಕೃತಕ ಹೂಬಳ್ಳಿ ಗೋಡೆಗೇರಿದ ಕೂಡಲೇ ನಕಲಿಯೆಂದು ಎದ್ದು ಕಾಣುವುದಕ್ಕೆ ಹೂವಿನ ಬಣ್ಣಕ್ಕಿಂತ ಕಟ್ಟಿದ ರೀತಿಯೇ ಹೆಚ್ಚಾಗಿ ಕಾರಣವಾಗಿರುತ್ತದೆ. ಕಾಗದದ ಹೂವು, ಅಂದರೆ ಬೋಗನ್‌ವಿಲ್ಲಾ, ಕಂಬವನ್ನು ಸುತ್ತುವ ಜಾತಿಯದಲ್ಲ. ಅದಕ್ಕೆ ಹಿಡಿದುಕೊಳ್ಳುವ ಕುಡಿಗಳಿಲ್ಲದ ಕಾರಣ ಮುಳ್ಳುಗಳ ಆಸರೆಯಿಂದ ಪಕ್ಕದ ಗೋಡೆಗೋ ಮರಕ್ಕೋ ಒರಗಿ ಮೇಲೇರಿ, ಭಾರಕ್ಕೆ ಬಾಗಿ ಇಳಿಬೀಳುತ್ತದೆ. ಧಾರವಾಡದ ಹಳೆಯ ಬಂಗಲೆಗಳ ಕಂಪೌಂಡಿನ ಮೇಲೆ ಬೇಸಿಗೆಯಲ್ಲಿ ಅದು ಹರಡುವ ಪರಿಯನ್ನು ಒಮ್ಮೆ ನಿಂತು ನೋಡಿದರೆ, ಕಂಬಕ್ಕೆ ಹಗ್ಗದಂತೆ ಸುತ್ತುವ ಮನಸ್ಸಾಗುವುದಿಲ್ಲ. ಸುತ್ತಲೇಬೇಕಾದ ಕಂಬವಿದ್ದರೆ ಮಧುಮಾಲತಿಯನ್ನು ಆರಿಸಿಕೊಳ್ಳಿ. ಅದು ನಿಜವಾಗಿಯೂ ಸುತ್ತಿಕೊಂಡು ಬೆಳೆಯುವ ಬಳ್ಳಿ. ಹಳದಿ ಅಲಮಂಡಾ ಕಿಟಕಿಯ ಗ್ರಿಲ್‌ಗೆ ಒಪ್ಪುತ್ತದೆ.

ಗಣೇಶ ಚತುರ್ಥಿಗೆ ಮುಂಚೆ ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಗೆ ಹೋದವರು ಬೆಲೆ ಕೇಳುವ ಮೊದಲು ಒಂದು ಗೊಂಚಲನ್ನು ಕೈಯಲ್ಲಿ ಹಿಡಿದು ನೋಡಬೇಕು. ಕಾಗದದ ಹೂವಿನಲ್ಲಿ ಬಣ್ಣದ್ದಾಗಿ ಕಾಣುವುದು ಎಸಳಲ್ಲ. ಮೂರು ತೆಳು ಎಲೆಗಳು ಕೂಡಿ, ನಡುವಿನ ಸಣ್ಣ ಬಿಳಿ ಕೊಳವೆಯಂಥ ನಿಜವಾದ ಹೂವನ್ನು ಸುತ್ತುವರಿದಿರುತ್ತವೆ. ಆ ಬಿಳಿ ಚುಕ್ಕೆಯನ್ನೂ ಬಿಡದೆ ಮಾಡಿದ ಮಾಲು ಉಳಿದ ವಿಷಯದಲ್ಲಿಯೂ ಸಾಮಾನ್ಯವಾಗಿ ಚೊಕ್ಕಟವಾಗಿರುತ್ತದೆ. ಮಧುಮಾಲತಿಯ ಹೂವು ಬಿಳಿಯಾಗಿ ಅರಳಿ, ಗುಲಾಬಿಯಾಗಿ, ಕೊನೆಗೆ ಕೆಂಪಾಗುವುದರಿಂದ ಒಂದೇ ಗೊಂಚಲಿನಲ್ಲಿ ಮೂರೂ ಬಣ್ಣಗಳಿರುವುದನ್ನು ಕೊಳ್ಳುವುದು ಲೇಸು. ಕಾಂಡವನ್ನು ಬಾಗಿಸಿದಾಗ ಅದು ಹಾಗೆಯೇ ನಿಂತರೆ ಒಳಗೆ ತಂತಿಯಿದೆ ಎಂದರ್ಥ. ನೇರಳೆ ಗೊಂಚಲುಗಳು ಜೋತುಬೀಳುವ ವಿಸ್ಟೀರಿಯಾ ಎಲ್ಲೆಡೆ ಸಿಗುತ್ತದಾದರೂ ಅದು ಚೀನಾ, ಜಪಾನ್‌ನಂಥ ತಂಪು ಸೀಮೆಯ ಬಳ್ಳಿ. ನಮ್ಮ ಪಡಸಾಲೆಯಲ್ಲಿ ಅದು ಮದುವೆ ಮಂಟಪದಿಂದ ತಂದಿಟ್ಟಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ.

ಪೊಟ್ಟಣದಲ್ಲಿ ಒತ್ತಿ ಮಡಚಿದ ಎಲೆಗಳನ್ನು ಒಂದೊಂದಾಗಿ ಬಿಡಿಸುವ ಕೆಲಸಕ್ಕೆ ಆತುರ ಸಲ್ಲದು. ಬಟ್ಟೆಯ ಹೂವಿನ ಮಡಿಕೆ ಬಿಡದಿದ್ದರೆ ತುಸು ದೂರದಿಂದ ಹಬೆ ತಾಗಿಸಿದರೆ ಸಾಕು. ಬಳಿಕ ಸಣ್ಣ ರೆಂಬೆಗಳನ್ನು ಬೆಳಕಿನ ಕಡೆಗೆ ಎತ್ತಿ, ತುದಿಗಳನ್ನಷ್ಟೇ ಕೆಳಗೆ ಬಾಗಿಸಬೇಕು. ತುಂಬ ಹೂಬಿಟ್ಟ ಕಾಗದದ ಹೂವಿನ ತುದಿಯಲ್ಲಿ ಹಸಿರು ಕಡಿಮೆಯಿರುವುದರಿಂದ ಅಲ್ಲಿನ ಕೆಲವು ಎಲೆಗಳನ್ನು ಕಿತ್ತುಹಾಕಿ. ಇಷ್ಟರಿಂದಲೇ ಬಳ್ಳಿಯ ಚಹರೆ ಬದಲಾಗುತ್ತದೆ. ಬಳ್ಳಿಗೊಂದು ಬುಡವೂ ಬೇಕು. ಮರಳು ತುಂಬಿದ ಕುಂಡದಲ್ಲಿ ಒಣಗಿದ ಪೇರಲ ಟೊಂಗೆಯೊಂದನ್ನು ಅಲುಗದಂತೆ ನಿಲ್ಲಿಸಿ, ಅದರ ಕೆಳಭಾಗವನ್ನು ಬರಿದಾಗಿಯೇ ಬಿಟ್ಟು, ಮೇಲಿನಿಂದ ಬಳ್ಳಿಗಳನ್ನು ಬೈಂಡಿಂಗ್ ತಂತಿಯಿಂದ ಎಲೆಗಳ ಮರೆಯಲ್ಲಿ ಕಟ್ಟುತ್ತ ಗ್ರಿಲ್‌ಗೋ ಬಾಗಿಲ ಮೇಲಕ್ಕೋ ಹಾಯಿಸಿದರೆ, ನೋಡುವವರ ಕಣ್ಣು ಬಳ್ಳಿಯನ್ನು ಬುಡದಿಂದಲೇ ಹಿಂಬಾಲಿಸುತ್ತದೆ. ಗೋಡೆಗೆ ಅಂಟಿಸುವ ಟೇಪು ಡಿಸ್ಟೆಂಪರ್ ಬಣ್ಣದ ಮೇಲೆ ನಿಲ್ಲುವುದಿಲ್ಲ, ಬಣ್ಣವನ್ನೂ ಕಿತ್ತುಕೊಂಡು ಬರುತ್ತದೆ. ಮೊಳೆ ಹೊಡೆಯುವುದೇ ಮೇಲು.

ಪಡುವಣ ಬಿಸಿಲು ನೇರವಾಗಿ ಬೀಳುವ ಬಾಲ್ಕನಿಯಲ್ಲಿ ಬಣ್ಣ ಬೇಗ ಮಾಸುತ್ತದೆ. ಅಲ್ಲಿಗೆ ಯುವಿ ನಿರೋಧಕವೆಂದು ಮಾರುವ ಪ್ಲಾಸ್ಟಿಕ್ ಬಳ್ಳಿಯೇ ಆಗಬೇಕು, ಬಟ್ಟೆಯದನ್ನು ಒಳಗೆ ಇಟ್ಟುಕೊಳ್ಳಿ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳನ್ನು ತಿರುಗಿಸುವ ಗದಗ ಸೀಮೆಯ ಗಾಳಿಗೆ ಎರಡೇ ಕಡೆ ಕಟ್ಟಿದ ಬಳ್ಳಿ ತಡೆಯದು. ಗೇಣಿಗೊಂದು ಗಂಟು ಹಾಕಬೇಕು. ದೀಪ, ಊದುಬತ್ತಿ ಹಚ್ಚುವ ಕಡೆ ಇವನ್ನು ಹತ್ತಿರಕ್ಕೂ ತರಬಾರದು, ಏಕೆಂದರೆ ಪಾಲಿಯೆಸ್ಟರ್ ಮತ್ತು ಪ್ಲಾಸ್ಟಿಕ್ ಕರಗಿ ಉರಿಯುತ್ತವೆ.

ಧೂಳು ಕೂತ ಬಳ್ಳಿಯಷ್ಟು ಕಳೆಗುಂದಿದ್ದು ಬೇರೊಂದಿಲ್ಲ. ಎರೆಮಣ್ಣಿನ ಧೂಳನ್ನು ಮೊದಲು ಮೆತ್ತನೆಯ ಬ್ರಷ್‌ನಿಂದ ಒಣಗಿದ್ದಾಗಲೇ ಝಾಡಿಸಬೇಕು. ನೀರು ತಾಗಿದರೆ ಅದು ಕೆಸರಾಗಿ ಎಳೆಗಳಲ್ಲಿ ಇಳಿಯುತ್ತದೆ. ಆಮೇಲೆ ಮರೆಯಲ್ಲಿರುವ ಒಂದು ಹೂವನ್ನು ಒದ್ದೆ ಬಿಳಿ ಬಟ್ಟೆಯಿಂದ ಒತ್ತಿ, ಬಣ್ಣ ಬಿಡದಿದ್ದರೆ ಮಾತ್ರ ತುಸು ಶಾಂಪೂ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆದು ನೆರಳಿನಲ್ಲಿ ತಲೆಕೆಳಗಾಗಿ ತೂಗುಹಾಕಿ. ಕಾಂಡದ ತುದಿಯಲ್ಲಿ ತಂತಿ ಬಯಲಾಗಿದ್ದರೆ ಅಲ್ಲಿ ನೀರು ನಿಂತು ತುಕ್ಕು ಹಿಡಿಯುವುದರಿಂದ ಪೂರ್ತಿ ಒಣಗಿದ ಮೇಲೆಯೇ ಮತ್ತೆ ಕಟ್ಟಬೇಕು.